ಜುಟ್ಟಿಗೆ ಮಲ್ಲಿಗೆ ಹೂವು

ನಮ್ಮ ಊರಿನ ಸಭಾಸಂಸ್ಥೆಗಳಿಗೆ ಈಚೆಗೆ ಒಂದು ಹೊಸ ಗೀಳು ಹಿಡಿದಿದೆ. ಅದರ ಹೆಸರು ‘ಗುಣಮಟ್ಟ’. ಶಬ್ದವೇನೋ ಚೆನ್ನಾದದ್ದೆ; ಅದರಲ್ಲಿ ಗುಣವೂ ಇದೆ, ಮಟ್ಟವೂ ಇದೆ. ಆದರೆ ಯಾವುದರ ಗುಣ, ಎಲ್ಲಿಯ ಮಟ್ಟ ಎಂದು ಕೇಳಿದರೆ ಎಲ್ಲ ಕಾರ್ಯದರ್ಶಿಗಳಿಂದಲೂ ಬರುವ ಉತ್ತರ ಒಂದೇ: ಜಾಲತಾಣದಲ್ಲಿ ನಮ್ಮ ವಿಡಿಯೊ ಸ್ವಚ್ಛವಾಗಿ ಕಾಣಬೇಕು; ಈಗಿರುವ ಪುಕ್ಕಟೆ ವ್ಯವಸ್ಥೆಯನ್ನು ಬಿಟ್ಟು ಹಣ ಕೊಟ್ಟಾದರೂ ಮೇಲ್ದರ್ಜೆಯ ವಿಡಿಯೊ ಸೇವೆಗೆ ಹೋಗಬೇಕು. ನಾನು ಸದಸ್ಯನಾಗಿರುವ ಒಂದು ಸಭೆಯ ಕಾರ್ಯಕಾರಿ ಸಮಿತಿಯೂ ಇಂಥ ಒಂದು ಠರಾವನ್ನು ಸಿದ್ಧಪಡಿಸಿಟ್ಟುಕೊಂಡಿದೆ. ಸಭೆಯ ಹೆಸರು ಇಲ್ಲಿ ಬೇಡ. ಬಸವನಗುಡಿಯಲ್ಲಾಗಲಿ, ಚಾಮರಾಜಪೇಟೆಯಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ವಾಚಕರು ತಮಗೆ ಪರಿಚಯವಿರುವ ಯಾವುದಾದರೊಂದು ಸಭೆಯ ಹೆಸರನ್ನು ಹಾಕಿಕೊಂಡು ಓದಿದರೂ ವಾದ ಕೆಡುವುದಿಲ್ಲ.

ಈ ಠರಾವನ್ನು ನಾನು ವಿರೋಧಿಸುತ್ತೇನೆ. ಏಕೆಂದು ಹೇಳುವುದಕ್ಕೆ ಮುಂಚೆ ನಮ್ಮ ಈ ಬಡಾವಣೆಗಳ ಸ್ವಭಾವವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು.

ಇವು ಮಾತಿನ ಬಡಾವಣೆಗಳು. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ರಾಮನವಮಿಯ ಸಂಗೀತವನ್ನು ಮೊದಲುಮಾಡಿದ್ದು 1939ರಲ್ಲಿ. ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಬಿ. ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆಯೂ ಒಂದೇ ವರ್ಷ, 1945ರಲ್ಲಿ, ಒಂದಕ್ಕೊಂದು ನಡೆದುಹೋಗುವಷ್ಟು ದೂರದಲ್ಲಿ ತಲೆಯೆತ್ತಿದವು. ಎಚ್. ನರಸಿಂಹಯ್ಯನವರ ಬೆಂಗಳೂರು ವಿಜ್ಞಾನ ವೇದಿಕೆ ನ್ಯಾಷನಲ್ ಕಾಲೇಜಿನಲ್ಲಿ ವಾರವಾರದ ಉಪನ್ಯಾಸವನ್ನು ಆರಂಭಿಸಿದ್ದು 1962ರಲ್ಲಿ. ಇಷ್ಟು ಹತ್ತಿರಹತ್ತಿರದ ಬೀದಿಗಳಲ್ಲಿ ಇಷ್ಟು ಕಾಲ ಇಷ್ಟೊಂದು ಜನ ಮಾತನಾಡಿ, ಹಾಡಿ, ಇಷ್ಟೊಂದು ಜನ ಕೇಳಿದ ಊರು ಇನ್ನೆಲ್ಲಿದೆಯೋ ನಾನರಿಯೆ. ಇವುಗಳ ನೆರಳಿನಲ್ಲಿ ಹುಟ್ಟಿದ ಚಿಕ್ಕಪುಟ್ಟ ಸಭೆಗಳಿಗಂತೂ ಲೆಕ್ಕವೇ ಇಲ್ಲ. ಎರಡು ಜಮಖಾನ, ಒಂದು ಮೈಕು, ಕಾರ್ಯಕ್ರಮ ಮುಗಿದಮೇಲೆ ಒಂದು ಲೋಟ ಕಾಫಿ. ಇಷ್ಟರಲ್ಲಿಯೇ ಐವತ್ತು ವರ್ಷ ತಳ್ಳಿದ ಸಭೆಗಳನ್ನು ನಾನು ಬಲ್ಲೆ.

ಇಂಥ ಸಭೆಗಳಿಗೆ ವಿಡಿಯೊದ ರುಚಿ ಹತ್ತಿದ್ದು ಬಹುಮಟ್ಟಿಗೆ 2020ರಲ್ಲಿ. ಆ ವರ್ಷ ರಾಮನವಮಿ ಬಂದದ್ದು ಏಪ್ರಿಲ್ 2ರಂದು. ದೇಶಕ್ಕೆಲ್ಲ ಲಾಕ್‌ಡೌನ್ ಬಿದ್ದು ಒಂದು ವಾರ ಕಳೆದಿತ್ತು. ಪೆಂಡಾಲಿಲ್ಲ, ಪಾನಕವಿಲ್ಲ, ಕಛೇರಿಯಿಲ್ಲ. ಅಂದಿನಿಂದ ಒಂದೊಂದೇ ಸಭೆ ದೂರವಾಣಿಯ ಕ್ಯಾಮರಾದ ಮುಂದೆ ಕುಳಿತು, ಯೂಟ್ಯೂಬಿನ ಮೂಲಕ ಮನೆಮನೆಗೆ ಹೋಯಿತು. ಒಳ್ಳೆಯದೇ ಆಯಿತು. ಮೆಟ್ಟಿಲು ಹತ್ತಲಾರದ ಹಿರಿಯರು ಮನೆಯಲ್ಲಿಯೇ ಕುಳಿತು ಉಪನ್ಯಾಸ ಕೇಳಿದರು. ಸಾಗರದಾಚೆಯ ಮಕ್ಕಳು ಮೊಮ್ಮಕ್ಕಳೂ ಕೇಳಿದರು. ಈಗ ಆ ಮೊಮ್ಮಕ್ಕಳಿಂದಲೇ ದೂರು ಬಂದಿದೆ: ‘ತಾತ, ನಿಮ್ಮ ಸಭೆಯ ವಿಡಿಯೊ ನಮ್ಮ ದೊಡ್ಡ ಟಿ.ವಿ.ಯಲ್ಲಿ ಮಸಕು ಮಸಕಾಗಿ ಕಾಣುತ್ತದೆ.’ ಅಮೆರಿಕದಿಂದ ಬಂದ ಮಾತು, ಸಮಿತಿ ಬೆಚ್ಚಿಬಿದ್ದಿತು.

ಠರಾವಿನವರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಪುಕ್ಕಟೆ ಸೇವೆಯ ಜಾಹೀರಾತಿನ ಕಾಟ ಸಾಮಾನ್ಯವಾದುದಲ್ಲ. ಯೂಟ್ಯೂಬ್ ತನ್ನ ನಿಯಮವನ್ನು 2020ರ ಕೊನೆಯಲ್ಲಿ ತಿದ್ದಿ, ಮರುವರ್ಷದಿಂದ ನಮ್ಮ ದೇಶಕ್ಕೂ ಅನ್ವಯಿಸಿತು: ವಿಡಿಯೊ ಹಾಕಿದವನು ಹಣ ಬೇಡವೆಂದರೂ, ಜಾಹೀರಾತು ಬೇಡವೆಂದರೂ, ಅವರು ತಮಗೆ ಬೇಕಾದಲ್ಲಿ ಅದನ್ನು ತೂರಿಸಬಹುದು. ಆಲಾಪನೆ ತಾರಷಡ್ಜದ ಬಾಗಿಲಲ್ಲಿ ನಿಂತಿರುವಾಗ ಒಬ್ಬಾತ ನುಗ್ಗಿ ಸೋಪು ಕೊಳ್ಳಿ ಎಂದು ಕೂಗುತ್ತಾನೆ. ಹರಿಕಥೆಯ ನಡುವೆ ಇನ್ನೊಬ್ಬ ಬಂದು ಸಾಲ ಬೇಕೆ ಎನ್ನುತ್ತಾನೆ. ಇದನ್ನು ತಪ್ಪಿಸಲು ನಾಲ್ಕು ಕಾಸು ಖರ್ಚಾದರೆ ಆಗಲಿ ಎಂಬುದು ಸಂಸ್ಕಾರವಂತರ ಮಾತೇ. ಅದನ್ನು ನಾನು ಒಪ್ಪಿದ್ದೇನೆ.

ಆದರೆ ಠರಾವಿನಲ್ಲಿ ಬರೆದಿರುವ ಕಾರಣ ಜಾಹೀರಾತಲ್ಲ, ಚಿತ್ರದ ಸ್ಪಷ್ಟತೆ. ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ನಮ್ಮ ಹಳೆಯ ಮುದ್ರಣಗಳು ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳವು. ಒಟ್ಟು ಮೂರು ಲಕ್ಷ ಚುಕ್ಕೆಗಳಿಂದ ಒಂದು ಚಿತ್ರ. ಈಗ ಸರ್ವಸಾಧಾರಣವಾಗಿರುವ 1920ಕ್ಕೆ 1080ರ ಚಿತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಚುಕ್ಕೆಗಳಿವೆ. ಸಮಿತಿ ಮೋಹಿಸಿರುವ ‘ಫೋರ್ ಕೆ’ ಎಂಬ ದರ್ಜೆಯಲ್ಲಿ ಸುಮಾರು ಎಂಬತ್ತಮೂರು ಲಕ್ಷ. ಮೂರು ಲಕ್ಷ ಚುಕ್ಕೆಯಾಗಿ ಹಿಡಿದ ವಿದ್ವಾಂಸರ ಮುಖವನ್ನು ಎಂಬತ್ತಮೂರು ಲಕ್ಷದ ಪಾತ್ರೆಯಲ್ಲಿ ಸುರಿದರೆ ಮಿಕ್ಕ ಎಂಬತ್ತು ಲಕ್ಷ ಎಲ್ಲಿಂದ ಬರಬೇಕು? ಪಾವು ಹಾಲನ್ನು ಕೊಳಗದಲ್ಲಿ ಹೊಯ್ದರೆ ಅದು ಕೊಳಗದ ಹಾಲಾಗುತ್ತದೆಯೆ? ಸೇವೆಯನ್ನು ಬದಲಾಯಿಸಿದರೆ ಮುಂದೆ ಹಿಡಿಯುವ ಚಿತ್ರಕ್ಕೆ ಪ್ರಯೋಜನವಾದೀತು. ಹಿಂದೆ ಹಿಡಿದದ್ದಕ್ಕೆ ಎಳ್ಳಷ್ಟೂ ಆಗದು.

ವಾಸ್ತವವಾಗಿ ಕೆಡುಕೇ ಆಗಬಹುದು. ಇಂಥ ಸೇವೆಗಳು ನಾವು ಕೊಟ್ಟ ವಿಡಿಯೊವನ್ನು ಕೊಟ್ಟಂತೆಯೇ ತೋರಿಸುವುದಿಲ್ಲ. ತಮ್ಮ ಅನುಕೂಲಕ್ಕೆ ಹಿಂಡಿ, ಗಾತ್ರ ಕುಗ್ಗಿಸಿ ತೋರಿಸುತ್ತವೆ. ಹಿಂಡಿದಾಗ ಹೋದದ್ದು ಹೋಯಿತು, ಹಿಂದಿರುಗುವುದಿಲ್ಲ. ಮೂಲ ನಮ್ಮ ಬಳಿ ಇದ್ದರೆ ಚಿಂತೆಯಿಲ್ಲ, ಹೊಸ ಕಡೆಗೆ ಮೂಲವನ್ನೇ ಕೊಡಬಹುದು. ಮೂಲ ಇಲ್ಲದಿದ್ದರೆ? ಹಿಂಡಿದ ಪ್ರತಿಯನ್ನೇ ಇಳಿಸಿಕೊಂಡು ಇನ್ನೊಂದು ಕಡೆ ಕೊಟ್ಟರೆ ಅವರು ಮತ್ತೊಮ್ಮೆ ಹಿಂಡುತ್ತಾರೆ. ಕಬ್ಬಿನ ಸಿಪ್ಪೆಯನ್ನು ಎರಡನೆಯ ಸಲ ಗಾಣಕ್ಕೆ ಕೊಟ್ಟ ಹಾಗೆ.

ನಮ್ಮ ಸಭೆಯಲ್ಲಿ ಮೂಲ ಎಲ್ಲಿದೆ ಎಂದು ನಾನು ಸಮಿತಿಯಲ್ಲಿ ಕೇಳಿದೆ. ಮೊದಲು ಯಾರೂ ಉತ್ತರ ಹೇಳಲಿಲ್ಲ. ಆಮೇಲೆ ಹೊರಬಿದ್ದ ಸಂಗತಿ ಇದು: ವಿಡಿಯೊ ಹಿಡಿಯಲು ಗೊತ್ತುಮಾಡಿದ್ದವರು ಪ್ರತಿಸಲವೂ ಯೂಟ್ಯೂಬಿಗೆ ಏರಿಸಿದಮೇಲೆ ಕ್ಯಾಮರಾದ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ತೆಗೆದುಕೊಂಡು ಹೋಗುತ್ತಿದ್ದರಂತೆ. ಅವರದು ತಪ್ಪಲ್ಲ, ಇಟ್ಟುಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಒಂದು ಡಿಸ್ಕನ್ನೂ ಕೊಡಿಸಿರಲಿಲ್ಲ. ಹೀಗೆ ಅಳಿಸಿಹೋದವುಗಳಲ್ಲಿ ಹಳಗನ್ನಡದ ಹಿರಿಯ ವಿದ್ವಾಂಸರೊಬ್ಬರ ಎಂಟು ಉಪನ್ಯಾಸಗಳ ಮೂಲವೂ ಸೇರಿದೆ. ಅವರು ಈಗಿಲ್ಲ. ಆ ವಿಷಯದ ಮೇಲೆ ಅವರು ಪುಸ್ತಕ ಬರೆಯಲಿಲ್ಲ, ಬರೆಯುತ್ತೇನೆ ಎನ್ನುತ್ತಿದ್ದರು. ಆ ಎಂಟು ಮಾತುಗಳೇ ಪುಸ್ತಕ. ಅವುಗಳ ಒಂದೇ ಪ್ರತಿ ಇಂದು ಉಳಿದಿರುವುದು ಪರರ ಯಂತ್ರದಲ್ಲಿ, ಹಿಂಡಿದ ರೂಪದಲ್ಲಿ. ಅದನ್ನು ಇಳಿಸಿಕೊಂಡು ನಮ್ಮದಾಗಿ ಇಟ್ಟುಕೊಳ್ಳುವುದಕ್ಕೆ ಠರಾವಿನಲ್ಲಿ ಒಂದು ಅಕ್ಷರವೂ ಇಲ್ಲ. ಮೇಲ್ದರ್ಜೆಯ ಸೇವೆಯ ವಾರ್ಷಿಕ ಶುಲ್ಕಕ್ಕೆ ಮಾತ್ರ ಅಂಕಿಯಿದೆ.

ಇನ್ನು ನನ್ನ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇನೆ. ಅದು ಧ್ವನಿಯದು.

ಗುಣಮಟ್ಟ ಎಂದಾಗ ನಮ್ಮವರಿಗೆ ಕಣ್ಣು ಮಾತ್ರ ನೆನಪಾಗುವುದು ವಿಚಿತ್ರ. ಸಂಗೀತ ಸಭೆ, ಉಪನ್ಯಾಸ ಮಾಲೆ, ಗಮಕ ವಾಚನ: ಈ ಮೂರರಲ್ಲಿ ಯಾವುದು ಕಣ್ಣಿಗೆ ಸಂಬಂಧಪಟ್ಟದ್ದು? ವಿದ್ವಾಂಸರ ಶಲ್ಯದ ಜರಿ ಎಳೆಎಳೆಯಾಗಿ ಕಂಡರೆ ಅರ್ಥ ಹೆಚ್ಚು ತಿಳಿಯುತ್ತದೆಯೆ? ಪಿಟೀಲು ಚೌಡಯ್ಯನವರು ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚಾಯಿತು. 1967ರಲ್ಲಿ ನಿಂತ ಆ ಕಮಾನಿನ ನಾದವನ್ನು ನಾವು ಹಳೆಯ ಧ್ವನಿಮುದ್ರಿಕೆಗಳಲ್ಲಿ, ಅವುಗಳ ಕರಕರ ಸದ್ದಿನ ಮಧ್ಯೆಯೇ, ತಲೆದೂಗಿ ಕೇಳುತ್ತೇವೆ. ಚಿತ್ರವಿಲ್ಲವಲ್ಲ ಎಂದು ಎದ್ದುಹೋದ ರಸಿಕರನ್ನು ನಾನು ಕಂಡಿಲ್ಲ. ಚಿತ್ರವಿದ್ದು ನಾದವಿಲ್ಲದಿದ್ದರೆ ಎಷ್ಟು ಹೊತ್ತು ಕುಳಿತಾರು?

ನಮ್ಮ ಸಭೆಯ ವಿಡಿಯೊಗಳಲ್ಲಿ ಆಗಿರುವುದು ಹೆಚ್ಚುಕಡಿಮೆ ಅದೇ. ಕ್ಯಾಮರಾ ಸಭಾಂಗಣದ ಹಿಂಬದಿಯಲ್ಲಿ ಮೂರು ಕಾಲಿನ ಮೇಲೆ ನಿಂತಿರುತ್ತದೆ. ಧ್ವನಿ ಹಿಡಿಯುವುದು ಅದರೊಳಗೇ ಇರುವ ಚಿಕ್ಕ ಮೈಕು. ಅದಕ್ಕೆ ವಕ್ತಾರರು ಅರವತ್ತು ಅಡಿ ದೂರ. ಬೀಸಣಿಗೆ ಆರು ಅಡಿ ದೂರ. ಆದುದರಿಂದ ಅದು ಬೀಸಣಿಗೆಯ ಉಪನ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಹಿಂದಿನ ಸಾಲಿನ ಇಬ್ಬರು ಮಹನೀಯರು ಮೊಮ್ಮಗಳ ಮದುವೆಗೆ ಛತ್ರ ಸಿಕ್ಕಲಿಲ್ಲವೆಂದು ಆಡಿಕೊಂಡದ್ದೂ ಶಾಶ್ವತವಾಗಿ ಉಳಿದಿದೆ. ವಕ್ತಾರರ ಮಾತು ಗೋಡೆಗೆ ಬಡಿದು, ಸೂರಿಗೆ ಬಡಿದು, ಒಂದರ ಮೇಲೊಂದು ಬಿದ್ದು ಬರುತ್ತದೆ.

ಕನ್ನಡದ ಮೇಷ್ಟ್ರಾಗಿ ನನಗೆ ಇದರಲ್ಲಿ ಇನ್ನೊಂದು ನೋವಿದೆ. ಸ, ಶ, ಷ ಈ ಮೂರಕ್ಕೂ ಇರುವ ಭೇದ ಧ್ವನಿಯ ಮೇಲಿನ ಸ್ತರಗಳಲ್ಲಿರುತ್ತದೆ. ಹಳೆಯ ಕಾಲದ ದೂರವಾಣಿ ಸೆಕೆಂಡಿಗೆ 300ರಿಂದ 3400 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು; ಅದಕ್ಕೇ ನಾವು ಫೋನಿನಲ್ಲಿ ಹೆಸರು ಹೇಳುವಾಗ ‘ಸೀತೆಯ ಸ, ಶಂಕರನ ಶ’ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ದೂರದ ಮೈಕಿಗೂ ಅದೇ ಗತಿ: ಮೇಲಿನ ಸ್ತರ ದಾರಿಯಲ್ಲಿಯೇ ಸವೆದುಹೋಗುತ್ತದೆ, ಉಳಿದದ್ದನ್ನು ಪ್ರತಿಧ್ವನಿ ನುಂಗುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಮೊದಲೇ ಈ ಊರಿನಲ್ಲಿ ಪ್ರಾಣಸಂಕಟ. ವಿಡಿಯೊದಲ್ಲಿ ಇಬ್ಬರೂ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಗಮಕಿಗಳು ಷಟ್ಪದಿಯ ಪದ ಒಡೆದು, ಪ್ರಾಸಾಕ್ಷರವನ್ನು ತೂಗಿ ವಾಚನ ಮಾಡಿರುತ್ತಾರೆ. ಕೇಳುವವನಿಗೆ ಸಿಕ್ಕುವುದು ‘ಹೂಂ ಹೂಂ’ ಎಂಬ ಒಂದು ರಾಗ ಮಾತ್ರ. ನಮ್ಮ ವಿದ್ಯಾರ್ಥಿಗಳಿಗೆ ಈ ವಿಡಿಯೊಗಳನ್ನು ಕೇಳಿ ಉಚ್ಚಾರಣೆ ತಿದ್ದಿಕೊಳ್ಳಿರಿ ಎಂದು ನಾನು ಹೇಗೆ ಹೇಳಲಿ? ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು, ಆ ಎಂಟು ಉಪನ್ಯಾಸಗಳಲ್ಲಿ ಎರಡನ್ನು ಬರೆದುಕೊಳ್ಳಲು ಕುಳಿತವಳು, ಮುಖ್ಯವಾದ ಪಾರಿಭಾಷಿಕ ಶಬ್ದಗಳ ಜಾಗವನ್ನೆಲ್ಲ ಖಾಲಿ ಬಿಟ್ಟು ತಂದು ತೋರಿಸಿದಳು. ನಾನೂ ಕಿವಿಗೊಟ್ಟು ಕೇಳಿದೆ. ಅರ್ಧ ತುಂಬಿಸಲು ಸಾಧ್ಯವಾಯಿತು. ಮಿಕ್ಕರ್ಧವನ್ನು ಕೇಳಿ ತಿಳಿಯೋಣವೆಂದರೆ ಹೇಳಬೇಕಾದವರು ಇಲ್ಲ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಧ್ವನಿವರ್ಧಕದವರ ಪೆಟ್ಟಿಗೆಯಿಂದ ಒಂದು ತಂತಿಯನ್ನು ನೇರವಾಗಿ ಧ್ವನಿಮುದ್ರಣ ಯಂತ್ರಕ್ಕೆ ಎಳೆಯುವುದು. ಕಛೇರಿಯಾದರೆ ತಂಬೂರಿ, ಮೃದಂಗಗಳ ಸಹಜ ನಾದಕ್ಕಾಗಿ ವೇದಿಕೆಯ ಹತ್ತಿರ ಇನ್ನೊಂದು ಮೈಕನ್ನಿಡುವುದು. ಯಾರಾದರೊಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೆ ಕೇಳುತ್ತ ಕೂರುವುದು. ಇದೆಲ್ಲ ಒಂದೇ ಸಲದ ಖರ್ಚು. ಆದರೆ ಮೈಕು ಠರಾವಿನಲ್ಲಿ ಬರುವುದಿಲ್ಲ, ಏಕೆಂದರೆ ಮೈಕನ್ನು ಉದ್ಘಾಟಿಸಲಾಗುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಇಂಥದನ್ನು ಕಂಡೇ ಅಂದದ್ದು.

ನೋಡುವವರ ಕಡೆಯಿಂದಲೂ ಸ್ವಲ್ಪ ಯೋಚಿಸೋಣ. ಎಲ್ಲರೂ ಅಮೆರಿಕದಲ್ಲಿಲ್ಲ. ದಿನಕ್ಕೆ ಒಂದೂವರೆ ಗಿಗಾಬೈಟಿನ ಸರಬರಾಜಿರುವ ದೂರವಾಣಿಯಲ್ಲಿ ತುಮಕೂರಿನ ಹತ್ತಿರದ ಹಳ್ಳಿಯಿಂದ ನೋಡುವ ವಿದ್ಯಾರ್ಥಿಯೂ ಇದ್ದಾನೆ. ಮೇಲ್ದರ್ಜೆಯ ಚಿತ್ರ ಸೆಕೆಂಡಿಗೆ 20 ಮೆಗಾಬಿಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಅವನ ದಿನದ ಪಾಲು ಹತ್ತೇ ನಿಮಿಷದಲ್ಲಿ ಮುಗಿಯಿತು. ಸ್ವಾಗತ ಭಾಷಣವೂ ಮುಗಿದಿರುವುದಿಲ್ಲ! ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಸಾಧಾರಣ ಚಿತ್ರವಾದರೆ ಅದೇ ಪಾಲಿನಲ್ಲಿ ಮೂರು ಗಂಟೆಗೂ ಮೇಲೆ ನೋಡಬಹುದು. ಸಂಪರ್ಕದ ವೇಗಕ್ಕೆ ತಕ್ಕಂತೆ ಚಿತ್ರದ ದರ್ಜೆಯನ್ನು ಈ ಸೇವೆಗಳು ತಾವಾಗಿಯೇ ಇಳಿಸುತ್ತವೆ ಎಂದು ಸಮಿತಿಯ ತರುಣ ಸದಸ್ಯರು ನನಗೆ ಉತ್ತರ ಕೊಟ್ಟರು. ನಿಜ. ಹಾಗೆ ಇಳಿಸಿಯೇ ಅನೇಕರು ನೋಡುವುದಾದರೆ ಹೆಚ್ಚಿನ ಹಣ ಕೊಡುವುದು ಯಾರಿಗಾಗಿ?

ಈಗ ಭದ್ರತೆಯ ಮಾತು. ಹಣ ಕೊಟ್ಟ ಮಾತ್ರಕ್ಕೆ ಜಾಗ ನಮ್ಮದಾಯಿತು ಎಂದು ಸಮಿತಿ ತಿಳಿದಿದೆ. ಬಾಡಿಗೆ ಕೊಟ್ಟ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ ಎಂಬುದು ಬೆಂಗಳೂರಿನವರಿಗೆ ಹೇಳಿಕೊಡಬೇಕಾದ ಪಾಠವೆ? ಗೂಗಲ್ ಕಂಪನಿಯಂಥ ಕಂಪನಿ 2005ರಲ್ಲಿ ‘ಗೂಗಲ್ ವಿಡಿಯೊ’ ಎಂದು ಅಂಗಡಿ ತೆರೆಯಿತು, 2006ರಲ್ಲಿ ಯೂಟ್ಯೂಬನ್ನೇ ಕೊಂಡುಕೊಂಡಿತು, 2009ರಲ್ಲಿ ಹಳೆಯ ಅಂಗಡಿಗೆ ಹೊಸ ಸರಕು ಬೇಡವೆಂದಿತು, 2012ರಲ್ಲಿ ಕದವಿಕ್ಕಿತು. ಚಿತ್ರದ ಅಂದಕ್ಕೆ ಹೆಸರಾದ ವಿಮಿಯೊ 2004ರಲ್ಲಿ ಹುಟ್ಟಿದ್ದು. ಯೂಟ್ಯೂಬಿಗಿಂತ ಮೊದಲೇ, 2007ರಲ್ಲಿ, ಉನ್ನತ ಸ್ಪಷ್ಟತೆಯ ಚಿತ್ರ ತೋರಿಸಿದ ಕೀರ್ತಿ ಅದರದು. ಅದೂ 2025ರಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಎಂಬ ಕಂಪನಿಗೆ ಮಾರಾಟವಾಯಿತು. ಹೊಸ ಯಜಮಾನರು ಬಾಡಿಗೆ ಏರಿಸಿದರೆ, ನಿಯಮ ಬದಲಾಯಿಸಿದರೆ, ಚಾಮರಾಜಪೇಟೆಯಿಂದ ನಮ್ಮ ಖಜಾಂಚಿಗಳು ಹೋಗಿ ಕೇಳುವುದು ಯಾರನ್ನು?

ಯಜಮಾನರು ಒಳ್ಳೆಯವರೇ ಆದರೂ ಬೀದಿಗೇ ಬೇಲಿ ಬೀಳುವುದುಂಟು. 2012ರ ಮೇ ತಿಂಗಳಲ್ಲಿ ಎರಡು ಚಲನಚಿತ್ರಗಳ ಕಳ್ಳಪ್ರತಿಗಳನ್ನು ತಡೆಯಲೆಂದು ಮದರಾಸು ಹೈಕೋರ್ಟು ಕೊಟ್ಟ ಆಜ್ಞೆಯನ್ನು ಹಿಡಿದುಕೊಂಡು ಇಂಟರ್‌ನೆಟ್ ಒದಗಿಸುವ ಕಂಪನಿಗಳು ವಿಮಿಯೊವನ್ನು ಇಡಿಯಾಗಿ ಮುಚ್ಚಿದವು. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮುಚ್ಚಿಸಿದ 32 ತಾಣಗಳ ಪಟ್ಟಿಯಲ್ಲಿ ಅದು ಮತ್ತೆ ಸೇರಿತ್ತು; ಪುಸ್ತಕ, ಧ್ವನಿ, ಚಿತ್ರಗಳನ್ನು ಧರ್ಮಾರ್ಥವಾಗಿ ಕಾಪಾಡುವ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರವೂ ಸೇರಿತ್ತು. ಆ ಭಂಡಾರಕ್ಕೆ 2017ರ ಆಗಸ್ಟಿನಲ್ಲಿ ಇನ್ನೊಮ್ಮೆ, ಮತ್ತೆ ಸಿನಿಮಾದವರ ಮೊಕದ್ದಮೆಯಿಂದಲೇ, ನಮ್ಮ ದೇಶದಲ್ಲಿ ಬಾಗಿಲು ಬಿದ್ದಿತು. 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ದಾಳಿಗೆ ಸಿಕ್ಕಿ ಕೆಲವು ದಿನ ಅದು ಎಲ್ಲಿಯೂ ತೆರೆಯಲಿಲ್ಲ. ಇವೆಲ್ಲ ಮತ್ತೆ ತೆರೆದುಕೊಂಡವು, ಸರಿ. ಆದರೆ ಒಂದೇ ಮನೆಯಲ್ಲಿ ಎಲ್ಲ ಒಡವೆಯನ್ನೂ ಇಡುವವರು ಈ ಚರಿತ್ರೆಯನ್ನು ಓದಿಕೊಂಡಿರಬೇಕು.

ಒಂದು ಕಾಲಕ್ಕೆ ಎಲ್ಲರ ಕೈಯಲ್ಲಿದ್ದದ್ದು ಹೇಗೆ ಯಾರ ಕೈಯಲ್ಲಿಯೂ ಇಲ್ಲದಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ಇದೇ ಊರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಬಡ ಕನ್ನಡಿಗರ ಮಾತು ಹಾಗಿರಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಚಿತ್ರದ ಮೂಲ ಟೇಪುಗಳನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಒಪ್ಪಿಕೊಂಡಿತು. ನಮ್ಮ ಕ್ಯಾಮರಾದವರು ಮಾಡಿದ್ದೂ ಅದನ್ನೇ ಅಲ್ಲವೆ? ಪ್ರಸಾರವಾದ ಪ್ರತಿಗಳು ಬೇರೆಬೇರೆ ಕಡೆ ಉಳಿದಿದ್ದುದರಿಂದ ನಾಸಾದವರು ಬಚಾವಾದರು.

ಇನ್ನೆರಡು ಮಾತು ಬೇಗ ಹೇಳಿ ಮುಗಿಸುತ್ತೇನೆ. ಒಂದು, ನಮ್ಮ ಅರ್ಧದಷ್ಟು ವಿಡಿಯೊಗಳಿಗೆ ಹೆಸರಿಲ್ಲ. ‘ಭಾನುವಾರದ ಕಾರ್ಯಕ್ರಮ, ಭಾಗ ಎರಡು’ ಎಂದಿದೆ. ಯಾವ ಭಾನುವಾರ, ಯಾರ ಕಾರ್ಯಕ್ರಮ? ಪಕ್ಕವಾದ್ಯದವರ ಹೆಸರಂತೂ ಎಲ್ಲಿಯೂ ಇಲ್ಲ. ಎಂಬತ್ತಮೂರು ಲಕ್ಷ ಚುಕ್ಕೆಗಳಲ್ಲಿ ಘಟದ ವಿದ್ವಾಂಸರು ಕಂಡರೂ ಅವರು ಯಾರೆಂದು ಹೇಳಲು ಮುಂದಿನ ತಲೆಮಾರಿನಲ್ಲಿ ಯಾರಿರುತ್ತಾರೆ? ಎರಡು, ಅನುಮತಿ. ನಮ್ಮ ಕೃತಿಸ್ವಾಮ್ಯದ ಕಾನೂನಿನಲ್ಲಿ ಕಲಾವಿದನಿಗೆ ತನ್ನ ಪ್ರಯೋಗದ ಮೇಲೆ 50 ವರ್ಷ ಹಕ್ಕಿದೆ. ತ್ಯಾಗರಾಜರು 1847ರಲ್ಲಿ ದೈವಾಧೀನರಾದರು, ಅವರ ಕೃತಿ ಎಲ್ಲರದು. ಆದರೆ ಹಾಡಿದವರ ಹಾಡಿಕೆ ಹಾಡಿದವರದು. ಒಬ್ಬ ವಿದ್ವಾಂಸರಿಂದಲಾದರೂ ನಾವು ಒಂದು ಹಾಳೆಯ ಮೇಲೆ ರುಜು ಪಡೆದಿದ್ದೇವೆಯೆ ಎಂದು ಕೇಳಿದೆ. ಹಾರ ಹಾಕಿದ್ದೇವಲ್ಲ ಎಂದರು.

ಮೇಷ್ಟರು ಹಳೆಯ ಕಾಲದವರು, ಹೊಸದೆಂದರೆ ಹೆದರುತ್ತಾರೆ ಎಂದು ಸಮಿತಿಯಲ್ಲಿ ಒಬ್ಬರು ನಕ್ಕರಂತೆ. ನನಗಿನ್ನೂ ಐವತ್ತು ತುಂಬಿಲ್ಲ. ಹೊಸ ಸೇವೆಗೆ ಹೋಗಬಾರದೆಂದು ನಾನು ಹೇಳುತ್ತಲೂ ಇಲ್ಲ. ಜಾಹೀರಾತಿಲ್ಲದ ಮನೆ ಸಿಕ್ಕರೆ ನನಗೂ ಸಂತೋಷವೇ. ಮನೆ ಬದಲಾಯಿಸುವ ಮುಂಚೆ ಸಾಮಾನಿನ ಪಟ್ಟಿ ಮಾಡಬೇಕು, ಒಡೆಯುವಂಥದನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು ಎಂದಷ್ಟೇ ಕೇಳುತ್ತಿದ್ದೇನೆ. ಇದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಸಮಿತಿಯಲ್ಲಿ ಅವರು ಒಬ್ಬರೂ ಇಲ್ಲವಾದ್ದರಿಂದ ನಾನು ಹೇಳಬೇಕಾಗಿದೆ.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ತಿದ್ದುಪಡಿಯನ್ನು ಮಂಡಿಸಲಿದ್ದೇನೆ. ಮೊದಲ ವರ್ಷದ ಶುಲ್ಕಕ್ಕೆಂದು ತೆಗೆದಿರಿಸಿದ ಹಣದಲ್ಲಿ ಎರಡು ಮೈಕು, ಒಂದು ಧ್ವನಿಮುದ್ರಣ ಯಂತ್ರ, ಎರಡು ಡಿಸ್ಕು ಕೊಳ್ಳುವುದು. ಈಗ ಜಾಲದಲ್ಲಿರುವುದನ್ನೆಲ್ಲ, ಆ ಎಂಟು ಉಪನ್ಯಾಸಗಳಿಂದ ಆರಂಭಿಸಿ, ಇಳಿಸಿಕೊಂಡು ಎರಡು ಡಿಸ್ಕುಗಳಲ್ಲಿಯೂ ಇಡುವುದು. ಒಂದು ಡಿಸ್ಕು ಕಚೇರಿಯ ಬೀರುವಿನಲ್ಲಿ, ಇನ್ನೊಂದು ಬೇರೆ ಬಡಾವಣೆಯ ಒಬ್ಬ ಸದಸ್ಯರ ಮನೆಯಲ್ಲಿ. ಮೂರನೆಯ ಪ್ರತಿಯನ್ನು ಕಲಾವಿದರ ಒಪ್ಪಿಗೆ ಸಿಕ್ಕಷ್ಟರಮಟ್ಟಿಗೆ ಸಾರ್ವಜನಿಕ ಭಂಡಾರಕ್ಕೆ ಕೊಡುವುದು. ದಿನಾಂಕ, ವಿಷಯ, ವಕ್ತಾರರು, ಪಕ್ಕವಾದ್ಯದವರು ಎಂದು ನಾಲ್ಕು ಕಲಮುಗಳ ಒಂದು ದಪ್ಪ ಪುಸ್ತಕ ತೆರೆಯುವುದು. ಜಾಲತಾಣದ ಹೆಸರು ಈಗ ಅದನ್ನು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಣಿಯಾಗಿದೆ; ಅದನ್ನು ಸಭೆಯ ಹೆಸರಿಗೆ ಬರೆಸಿಕೊಳ್ಳುವುದು. ಇಷ್ಟಾದಮೇಲೆ ಮೇಲ್ದರ್ಜೆಯ ಸೇವೆಯ ವಿಚಾರವನ್ನು ಮತ್ತೆ ತೆಗೆದುಕೊಳ್ಳುವುದು. ನಿಯಮದ ಪ್ರಕಾರ ತಿದ್ದುಪಡಿಗೆ ಇಬ್ಬರು ಅನುಮೋದಕರಿರಬೇಕು. ಇದುವರೆಗೆ ಒಬ್ಬರು ಸಿಕ್ಕಿದ್ದಾರೆ.